ಕಾವ್ಯಗಳಲ್ಲಿ ಮೃಗಯಾಧರ್ಮ

ಮುಳಬಾಗಿಲಿಗೆ ಸಮೀಪವಾದ ಆವಣಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿದ್ದಿತೆಂದೂ, ಲವಕುಶರು ಅಲ್ಲಿಯೇ ಜನಿಸಿದರೆಂದೂ ಸ್ಥಳಪುರಾಣವು ಹೇಳುತ್ತದೆ. ಇದರ ಚಾರಿತ್ರಿಕ ಸತ್ಯಾಸತ್ಯತೆಯು ಹೇಗಾದರೂ ಇರಲಿ. ಈ ಸೀಮೆಯ ಜನರು ಆದಿಕವಿಯನ್ನು ತಮ್ಮವನೆಂದೇ ಭಾವಿಸಿಕೊಂಡು ಬಂದಿರುವುದಂತೂ ದಿಟ. ಆ ಆದಿಕವಿಯ ಮುಖದಿಂದ ಮೊದಲನೆಯ ಶ್ಲೋಕವು ಹೊರಟುದು ಒಂದು ಬೇಟೆಯನ್ನು ಕಂಡು ಎಂಬುದನ್ನು ಎಲ್ಲರೂ ಬಲ್ಲರು. ಆದರೂ ನಮ್ಮ ಕಾವ್ಯಗಳಲ್ಲಿ ಮೃಗಯೆಯು ಪಡೆದಿರುವ ಸ್ಥಾನವನ್ನು ವಿಚಾರಿಸಿದವರು ಕಡಮೆ. ಮೃಗಯಾವರ್ಣನೆಯೆಂಬುದು ಕೇವಲ ಸಂಪ್ರದಾಯಪಾಲನೆ, ಕವಿಯು ಕುದುರೆ ನಾಯಿ ಬಲೆಗಳ ಹೆಸರುಗಳನ್ನು ಜೋಡಿಸಿ ತನ್ನ ಶಬ್ದಭಂಡಾರವನ್ನು ಪ್ರದರ್ಶಿಸುವ ಒಂದು ನೆಪ, ಎಂಬ ಅಭಿಪ್ರಾಯವು ಸಾಮಾನ್ಯವಾಗಿ ಬೇರೂರಿದೆ. ಇನ್ನು ಕೆಲವರು ಇದಕ್ಕಿಂತ ಮುಂದೆ ಹೋಗಿ, ‘ರಾಮನೂ ದುಷ್ಯಂತನೂ ಬೇಟೆಯಾಡಿದರಲ್ಲವೆ? ಆದುದರಿಂದ ಬೇಟೆಯು ಶಿಷ್ಟಾಚಾರಸಮ್ಮತ’ ಎಂದು ವಾದಿಸುವುದೂ ಉಂಟು. ಈ ಎರಡು ಮಾತುಗಳೂ ಕಾವ್ಯಗಳನ್ನು ಸರಿಯಾಗಿ ಓದದುದರ ಫಲವೆಂದು ತೋರುತ್ತದೆ.

ಮೊದಲು ಸಂಪ್ರದಾಯದ ಮಾತನ್ನು ನೋಡೋಣ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಹೇಳಿರುವ ವರ್ಣನೆಗಳಲ್ಲಿ ಮೃಗಯೆಯು ಇಲ್ಲವೇ ಇಲ್ಲ. ಅದಕ್ಕೆ ಸ್ಪಷ್ಟವಾಗಿ ಸ್ಥಾನವನ್ನು ಕೊಟ್ಟವನು ಬಹುಕಾಲದ ಮೇಲೆ ಬಂದ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು. ಎಂದಮೇಲೆ ವಾಲ್ಮೀಕಿ, ವ್ಯಾಸ, ಕಾಳಿದಾಸರು ಯಾವ ಲಾಕ್ಷಣಿಕನ ಅಪ್ಪಣೆಗಾಗಿಯೂ ಬೇಟೆಯನ್ನು ವರ್ಣಿಸಲಿಲ್ಲ. ಅವರಿಗೆ ಅದರಲ್ಲಿ ಹೇಳಬೇಕಾದುದೇನೋ ಇದ್ದಿತು.

ಶಾಸ್ತ್ರಕಾರರಲ್ಲಿಯೇ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲ. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮೃಗಯೆಯನ್ನು ಮೊದಲು ಎಣಿಸಿ, ಅತ್ಯಂತ ಕಷ್ಟಕರವಾದ ನಾಲ್ಕರಲ್ಲಿಯೂ ಅದನ್ನು ಸೇರಿಸಿದ್ದಾನೆ. ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿಯಾದರೋ ಇದೊಂದು ಚರ್ಚೆಯೇ ಆಗಿದೆ. ಬೇಟೆ ಜೂಜುಗಳಲ್ಲಿ ಬೇಟೆಯೇ ಹೆಚ್ಚು ಕೆಟ್ಟುದೆಂದು ಪಿಶುನನ ಮತ. ಕೌಟಿಲ್ಯನು ಇದನ್ನು ಒಪ್ಪದೆ, ಬೇಟೆಯಿಂದ ದೇಹಕ್ಕೆ ವ್ಯಾಯಾಮವಾಗುವುದು, ಕಫಪಿತ್ತಮೇದಸ್ಸುಗಳು ಕರಗುವುವು, ನಿಂತ ಗುರಿಗೂ ಓಡುವ ಗುರಿಗೂ ಹೊಡೆಯುವ ಅಭ್ಯಾಸವಾಗುವುದು, ಕೋಪಭಯಗಳಲ್ಲಿ ಮೃಗಗಳ ಚಿತ್ತವು ಹೇಗಿರುವುದೆಂದು ತಿಳಿಯುವುದು ಎಂದು ಗುಣಗಳನ್ನು ಎಣಿಸುತ್ತಾನೆ. ನಮ್ಮ ನಾಡಿನ ದೊರೆಯಾದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯು ರಾಜವಿನೋದಗಳಲ್ಲೊಂದಾಗಿ ಸವಿಸ್ತಾರವಾಗಿ ನಿರೂಪಿತವಾಗಿದೆ. ಬೇಟೆನಾಯಿಗಳಿಗೂ ಗಿಡುಗಗಳಿಗೂ ಅಲ್ಲಿ ಬೇರೆ ಬೇರೆ ವಿನೋದಗಳೇ ಉಂಟು.

ಈ ಪ್ರಶಂಸೆಯನ್ನು ಕಾಳಿದಾಸನು ಏನು ಮಾಡಿದನೆಂಬುದು ಗಮನಾರ್ಹ. ಶಾಕುಂತಲದ ಎರಡನೆಯ ಅಂಕದಲ್ಲಿ ಕೌಟಿಲ್ಯನ ಗುಣಗಳ ಪಟ್ಟಿಯು ಬಹುಮಟ್ಟಿಗೆ ಹಾಗೆಯೇ ಬರುತ್ತದೆ. ಆದರೆ ಅದನ್ನು ಹೇಳುವವನು ಸೇನಾಪತಿ. ಅವನು ರಾಜನ ದೇಹದಾರ್ಢ್ಯವನ್ನು ಕಂಡು ಮೆಚ್ಚಿಕೊಂಡವನೇನೋ ಹೌದು. ಆದರೂ ಆ ಭಾಷಣಕ್ಕೆ ಮೊದಲು ವಿದೂಷಕನಿಗೆ ಮರೆಯಾಗಿ, ನೀನು ನಿನ್ನ ವಿರೋಧವನ್ನು ಬಿಡಬೇಡ, ನಾನು ಪ್ರಭುವಿನ ಮನಸ್ಸಿಗೆ ಒಪ್ಪುವಂತೆ ಮಾತನಾಡುವೆನು ಎಂದು ತಿಳಿಸಿರುತ್ತಾನೆ. ಪ್ರೇಕ್ಷಕನು ಇದನ್ನು ಕೇಳಿಸಿಕೊಂಡ ಬಳಿಕವೇ ಮೃಗಯಾಸ್ತುತಿಯು ಆರಂಭವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಮೊದಲನೆಯ ಅಂಕದಲ್ಲಿ ಬಾಣಕ್ಕೂ ಜಿಂಕೆಗೂ ನಡುವೆ ಬಂದು ನಿಂತ ವೈಖಾನಸನ ಮಾತಿಗೆ ಯಾವ ಮರೆಯೂ ಇಲ್ಲ. ಬೇಟೆಯ ಪರವಾದ ವಾದವನ್ನು ಅನುಚರನಿಗೂ, ಅದರ ನಿಷೇಧವನ್ನು ತಪಸ್ವಿಗೂ ಕೊಟ್ಟಿರುವುದರಲ್ಲಿ ಕವಿಯ ಹೃದಯವು ವ್ಯಕ್ತವಾಗುವುದಿಲ್ಲವೆ? ದುಷ್ಯಂತನನ್ನು ಉದಾಹರಿಸುವವರು ಅವನು ಬಾಣವನ್ನು ಹಿಂದಕ್ಕೆ ತೆಗೆದುಕೊಂಡದ್ದರಿಂದಲೇ ಚಕ್ರವರ್ತಿಯಾದ ಪುತ್ರನನ್ನು ಪಡೆಯುವ ಆಶೀರ್ವಾದಕ್ಕೆ ಪಾತ್ರನಾದನೆಂಬುದನ್ನು ಮರೆಯುವರು.

ಹಾಗೆಂದು ನಮ್ಮ ಕವಿಗಳು ಬೇಟೆಯನ್ನು ಮೂಲತಃ ಅಲ್ಲಗಳೆದರೆನ್ನುವುದೂ ಸರಿಯಲ್ಲ. ಅವರು ಮಾಡಿದುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ಯಾವ ಬೇಟೆಯು ಯಾವ ಗಳಿಗೆಯಲ್ಲಿ ಪಾಪವಾಗುತ್ತದೆಂಬುದನ್ನು ಅವರು ಒಂದೊಂದು ಕಥೆಯಿಂದ ಗೊತ್ತುಮಾಡಿದರು. ಅಂತಹ ಮೂರು ಮೇರೆಗಳನ್ನು ಇಲ್ಲಿ ವಿಚಾರಿಸಬಹುದು.

ಮೊದಲನೆಯದು ಕಾಲದ ಮೇರೆ. ವಾಲ್ಮೀಕಿಯ ಶೋಕಕ್ಕೆ ಕಾರಣವಾದುದು ಹಕ್ಕಿಯು ಸತ್ತಿತೆಂಬುದಷ್ಟೇ ಅಲ್ಲ. ಜೋಡಿಯಾಗಿ ಕಾಮಮೋಹಿತವಾಗಿದ್ದಾಗ ಗಂಡುಹಕ್ಕಿಯು ಹತವಾಯಿತೆಂಬುದು. ಭಾರತದ ಆದಿಪರ್ವದಲ್ಲಿ ಪಾಂಡುವಿನ ಬಾಣದಿಂದ ಬಿದ್ದ ಕಿಂದಮನ ಕಥೆಯು ಇದನ್ನೇ ವಾದರೂಪವಾಗಿ ಬೆಳೆಸಿದೆ. ಎಚ್ಚರವಾಗಿರಲಿ ಇಲ್ಲದಿರಲಿ, ಮೃಗಗಳನ್ನು ಕೊಲ್ಲುವುದು ರಾಜರಿಗೆ ರೂಢಿ. ಅಗಸ್ತ್ಯನೂ ಬೇಟೆಯಾಡಲಿಲ್ಲವೆ ಎಂಬುದು ಪಾಂಡುವಿನ ಸಮರ್ಥನೆ. ಜಿಂಕೆಯ ರೂಪದಲ್ಲಿದ್ದ ಋಷಿಯು ಕೊಡುವ ಉತ್ತರವು ಅದ್ಭುತವಾದುದು. ನೀನು ಮೃಗವನ್ನು ಕೊಂದೆಯೆಂದು ನಾನು ನಿಂದಿಸುವುದಿಲ್ಲ, ನಮ್ಮ ಸಂಗಮವು ಮುಗಿಯುವವರೆಗೆ ನೀನು ಕಾಯಬೇಕಾಗಿದ್ದಿತು ಎಂಬುದಿಷ್ಟೇ ಅವನ ಆಕ್ಷೇಪಣೆ. ಸಾಯುತ್ತಿರುವವನೇ ತನ್ನನ್ನು ಕೊಂದವನ ಹಕ್ಕನ್ನು ಒಪ್ಪಿಕೊಂಡು, ಹೊತ್ತು ತಪ್ಪಿದುದಕ್ಕಾಗಿ ಮಾತ್ರ ಶಪಿಸುತ್ತಾನೆ. ಆಧುನಿಕ ಕಾಲದಲ್ಲಿ ನಾನಾ ದೇಶಗಳ ಬೇಟೆಯ ಕಾನೂನುಗಳು ಮರಿಹಾಕುವ ಕಾಲವನ್ನು ನಿಷಿದ್ಧಕಾಲವೆಂದು ಗೊತ್ತುಮಾಡಿರುವುದಕ್ಕೂ ಈ ಮಾತಿಗೂ ಅಂತರವು ಬಹಳವಿಲ್ಲ. ಗರ್ಭವನ್ನೂ ಮರಿಯನ್ನೂ ಕೊಂದ ಕಾಡಿನಲ್ಲಿ ಮುಂದಿನ ವರ್ಷ ಬೇಟೆಗಾರನಿಗೂ ಏನೂ ಉಳಿಯುವುದಿಲ್ಲ.

ಎರಡನೆಯದು ಕಣ್ಣಿನ ಮೇರೆ. ಅಯೋಧ್ಯಾಕಾಂಡದಲ್ಲಿ ದಶರಥನು ಮಳೆಗಾಲದ ರಾತ್ರಿ ಸರಯೂತೀರದಲ್ಲಿ, ನೀರು ಕುಡಿಯಲು ಕೋಣವೋ ಆನೆಯೋ ಬಂದೀತೆಂದು ಹೊಂಚಿಕೊಂಡಿದ್ದು, ಕೊಡವು ತುಂಬುವ ಸದ್ದಿಗೆ ಬಾಣವನ್ನು ಬಿಟ್ಟನು. ಶಬ್ದವೇಧಿಯೆಂಬ ಕೀರ್ತಿಯೇ ಅವನ ಕೇಡಿಗೆ ಮೂಲವಾಯಿತು. ಈ ಕಥೆಯನ್ನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ಕಾಳಿದಾಸನು ಬದಲಿಸಿರುವ ರೀತಿಯು ಪರೀಕ್ಷಾರ್ಹವಾಗಿದೆ. ಮೊದಲು ದಶರಥನ ದಯೆಯನ್ನು ಕವಿಯು ತೋರಿಸುತ್ತಾನೆ: ಗುರಿಯಾದ ಜಿಂಕೆಗೆ ಹೆಣ್ಣು ಜಿಂಕೆಯು ತನ್ನ ಮೈಯನ್ನೇ ಅಡ್ಡವಾಗಿ ಒಡ್ಡಲು, ಕಿವಿಯವರೆಗೆ ಸೆಳೆದ ಬಾಣವನ್ನು ಅವನು ಹಿಂದೆಗೆದುಕೊಳ್ಳುತ್ತಾನೆ. ಕಂಡಾಗ ಕರುಣೆಯು ಬಂದಿತು. ಬಳಿಕ ತಮಸಾತೀರದಲ್ಲಿ, ಕತ್ತಲೆಯ ಮಾತನ್ನೇ ಎತ್ತದೆ, ಆನೆಯ ಧ್ವನಿಯೆಂದು ಭ್ರಮಿಸಿ ಬಾಣವನ್ನು ಬಿಡಿಸುತ್ತಾನೆ. ಕಾಡಾನೆಯು ರಾಜರಿಗೆ ಅವಧ್ಯವೆಂಬ ನಿಷೇಧವನ್ನು ನೆನಪಿಗೆ ತಂದು, ವಿದ್ಯಾವಂತರೂ ರಜೋಗುಣದಿಂದ ಕುರುಡರಾದಾಗ ದಾರಿ ತಪ್ಪುವರೆಂದು ಕವಿಯು ತಾನೇ ತೀರ್ಪು ಕೊಡುತ್ತಾನೆ. ವಾಲ್ಮೀಕಿಯಲ್ಲಿ ಕತ್ತಲೆಯು ಹೊರಗಿನದು. ಕಾಳಿದಾಸನಲ್ಲಿ ಅದು ಬೇಟೆಗಾರನ ಒಳಗಿನದಾಯಿತು. ಇದು ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ವಿಚಾರ.

ಕನ್ನಡದಲ್ಲಿ ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯಲ್ಲಿ ಇದೇ ಶಬ್ದವೇಧವು ಮತ್ತೊಂದು ಘೋರರೂಪವನ್ನು ತಾಳುತ್ತದೆ. ಯಶೋಮತಿ ದೊರೆಯು ರಾಣಿಗೆ ತನ್ನ ಕೈಚಳಕವನ್ನು ತೋರಿಸುವುದಕ್ಕಾಗಿ, ಕೂಗಿದ ಎರಡು ಕೋಳಿಗಳನ್ನು ಸದ್ದಿನ ಮೇಲೆಯೇ ಹೊಡೆದು ಕೆಡಹುತ್ತಾನೆ. ಅವು ಜನ್ಮಾಂತರವನ್ನು ಹೊಂದಿದ ಅವನ ತಂದೆ ಮತ್ತು ಅಜ್ಜಿ. ದಶರಥನು ಪರರ ಮಗನನ್ನು ಕೊಂದನು. ಯಶೋಮತಿಯು ತನ್ನ ಹೆತ್ತವನನ್ನೇ ಕೊಂದನು. ಅಲ್ಲಿ ಬೇಟೆಯ ಹಂಬಲವಾದರೂ ಇದ್ದಿತು, ಇಲ್ಲಿ ಬರಿಯ ಮೆರೆದಾಟ. ಜೈನಕವಿಯಾದ ಜನ್ನನಿಗೆ ಹಿಂಸೆಯೆಲ್ಲವೂ ನಿಂದ್ಯವೇ ಆದರೂ, ಕಾಣದೆ ಹೊಡೆದ ಬಾಣವನ್ನೇ ಆರಿಸಿಕೊಂಡುದರಲ್ಲಿ ಅವನ ಕಥನಕೌಶಲವು ಸ್ಪಷ್ಟವಾಗಿದೆ.

ಮೂರನೆಯದು ಪ್ರಯೋಜನದ ಮೇರೆ. ಕಿಷ್ಕಿಂಧಾಕಾಂಡದಲ್ಲಿ ಬಾಣವು ನೆಟ್ಟು ಬಿದ್ದ ವಾಲಿಯು ರಾಮನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಬೇಟೆಗೆ ಸಂಬಂಧಿಸಿದುದು. ನನ್ನ ಚರ್ಮವನ್ನು ಸಜ್ಜನರು ಧರಿಸುವುದಿಲ್ಲ, ನನ್ನ ಮಾಂಸವು ಅಭಕ್ಷ್ಯ. ಎಂದಮೇಲೆ ನನ್ನನ್ನು ಕೊಂದು ನಿನಗೇನು ಬಂದಿತು ಎಂಬುದು ಅದರ ತಾತ್ಪರ್ಯ. ರಾಮನ ಉತ್ತರದಲ್ಲಿ ಧರ್ಮದ ಮಾತುಗಳೊಂದಿಗೆ, ಬಲೆಯಿಂದಲೂ ಉರುಲಿನಿಂದಲೂ ಮರೆಯಲ್ಲಿ ನಿಂತೂ ಮೃಗಗಳನ್ನು ಕೊಲ್ಲುವುದರಲ್ಲಿ ದೋಷವಿಲ್ಲವೆಂಬ ಬೇಟೆಗಾರರ ವಾದವೂ ಸೇರಿದೆ. ಇದು ಪಾಂಡುವಿನ ವಾದವೇ. ಮಾತನಾಡಬಲ್ಲ ಪ್ರಾಣಿಯೊಂದರ ಎದುರಿಗೆ ಅದು ಎಷ್ಟು ದುರ್ಬಲವಾಗಿ ಕೇಳಿಸುತ್ತದೆಂಬುದನ್ನು ಆದಿಕವಿಯು ಮುಚ್ಚಿಡಲಿಲ್ಲ.

ಇನ್ನು ಬೇಟೆಯ ವ್ಯವಹಾರದಲ್ಲಿ ಪ್ರಾಚೀನವಾದ ಜಗಳವೆಂದರೆ ಬಿದ್ದ ಮೃಗವು ಯಾರದೆಂಬುದು. ಕಿರಾತಾರ್ಜುನೀಯದ ಕಥೆಯು ಇದರ ಮೇಲೆಯೇ ನಿಂತಿದೆ. ಹಂದಿಗೆ ಎರಡು ಬಾಣಗಳು ತಗುಲಿದುವು. ಕಿರಾತನ ದೂತನು ಬಂದು ಬಾಣವನ್ನು ಕೇಳಿದನು. ಕಾಡಿನ ಮೃಗಗಳು ಯಾರ ಸ್ವತ್ತೂ ಅಲ್ಲ, ಕೊಂದವನಿಗೇ ಅವು ಸೇರತಕ್ಕುವು ಎಂಬುದು ಭಾರವಿಯ ಅರ್ಜುನನ ನಿಲುವು. ಈ ಕಾವ್ಯಕ್ಕೂ ಕೋಲಾರದ ಸೀಮೆಗೂ ಹಳೆಯ ನಂಟುಂಟು. ಕುವಲಾಲಪುರವರಾಧೀಶ್ವರರೆನಿಸಿದ ಗಂಗರಲ್ಲಿ ದುರ್ವಿನೀತನು ಇದರ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನವನ್ನು ಬರೆದನೆಂದು ಶ್ರೀನಿವಾಸಪುರದ ಕಡೆಯ ಗುಮ್ಮರೆಡ್ಡಿಪುರದ ತಾಮ್ರಶಾಸನವು ತಿಳಿಸುತ್ತದೆ. ಅರ್ಜುನನ ವಾದವು ಕಾವ್ಯದಲ್ಲಿ ಎಷ್ಟೇ ಓಜಸ್ವಿಯಾಗಿದ್ದರೂ ಈಗ ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿ, ಹಾಗೆ ಹತವಾದ ಮೃಗವು ಸರ್ಕಾರದ ಸ್ವತ್ತೆಂದು ವಿಧಿಸಿದೆ.

ಬೇಟೆಯಲ್ಲಿ ಗೌರವಿಸತಕ್ಕ ಗುಣವೇ ಇಲ್ಲವೆ? ಉಂಟೆಂಬುದಕ್ಕೆ ಕನ್ನಡದ ಒಂದು ಕಲ್ಲೇ ಸಾಕ್ಷಿ. 949ರ ಸುಮಾರಿನ ಆತಕೂರ ಶಾಸನದ ಪ್ರಕಾರ, ಗಂಗ ಬೂತುಗನ ಆಳಾದ ಮಣಲೇರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ರಾಷ್ಟ್ರಕೂಟ ಕೃಷ್ಣನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತುವು. ನಾಯಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಹೋರಾಡಿದ ಹಂದಿಯನ್ನೂ ಆ ಕಲ್ಲಿನಲ್ಲಿಯೇ ಕೆತ್ತಿದ್ದಾರೆ. ಗಾಯಗೊಂಡ ಮೃಗವನ್ನು ನರಳಲು ಬಿಟ್ಟು ಮನೆಗೆ ಬರುವವನು ನಿಜವಾದ ಬೇಟೆಗಾರರಲ್ಲಿ ಹೀನನೆನಿಸುತ್ತಿದ್ದನು. ಜಿಮ್ ಕಾರ್ಬೆಟ್ಟನು ಕುಮಾವೂನಿನ ನರಭಕ್ಷಕಗಳನ್ನು ಕುರಿತ ತನ್ನ 1944ರ ಗ್ರಂಥದಲ್ಲಿ, ಹುಲಿಯು ನರಭಕ್ಷಕವಾಗುವುದಕ್ಕೆ ಗಾಯವೇ ಮುಖ್ಯ ಕಾರಣವೆಂದೂ, ಅಂತಹ ಗಾಯವು ಅಜಾಗರೂಕತೆಯಿಂದ ಹೊಡೆದು ಬಿಟ್ಟ ಗುಂಡಿನಿಂದ ಆಗಬಹುದೆಂದೂ ಹೇಳಿದ್ದಾನೆ. ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಿಸಿರುವುದರಿಂದ, ಇಂತಹ ವಿಚಾರಗಳು ನಮ್ಮ ಮನೆಗಳ ಬಾಲಕರಿಗೂ ಪರಿಚಿತವಾಗಿವೆ.

ಪ್ರಾಚೀನ ಕವಿಗಳಲ್ಲಿ ಒಂದು ಕೊರತೆಯನ್ನೂ ಹೇಳಲೇಬೇಕು. ದೊರೆಯ ಬೇಟೆಗೆ ಸರ್ಗಗಳೇ ಮೀಸಲು. ಹೊಟ್ಟೆಗಾಗಿ ಬೇಟೆಯಾಡಿದ ನಿಷಾದನಿಗೆ ದೊರೆತುದು ಒಂದು ಶಾಪ. ಅವನ ಮನೆಯಲ್ಲಿ ಮಕ್ಕಳಿದ್ದರೆ, ಆ ದಿನ ಅವರು ಉಪವಾಸವಿದ್ದರೆ ಎಂದು ಯಾರೂ ಕೇಳಲಿಲ್ಲ. ಈ ಲೋಪವನ್ನು ಸ್ವಲ್ಪಮಟ್ಟಿಗಾದರೂ ತುಂಬಿದವನು ವನಪರ್ವದ ಧರ್ಮವ್ಯಾಧ. ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತು ಅವನು ಬ್ರಾಹ್ಮಣನಾದ ಕೌಶಿಕನಿಗೆ, ಎಲ್ಲರೂ ಸಾಧುವೆಂದು ಕೊಂಡಾಡುವ ಬೇಸಾಯದಲ್ಲಿಯೂ ನೇಗಿಲಿನ ಬಾಯಿಗೆ ಎಷ್ಟೋ ಜೀವಿಗಳು ಸಾಯುವುವೆಂದು ತಿಳಿಸುತ್ತಾನೆ. ಅಹಿಂಸೆಯ ಹೆಮ್ಮೆಯನ್ನು ಇದಕ್ಕಿಂತ ಮೃದುವಾಗಿ ಮುರಿದ ಮಾತು ವಿರಳ.

ಆ ನೇಗಿಲಿನವನ ಕಡೆಗೇ ಈಗ ಪ್ರಶ್ನೆಯು ತಿರುಗಿದೆ. ರಾಜಮೃಗಯೆಯು ಮುಗಿದ ಕಥೆ. ಆದರೆ ರಾಗಿಯನ್ನೂ ಕಡಲೆಕಾಯಿಯನ್ನೂ ಬೆಳೆದ ರೈತನ ಹೊಲಕ್ಕೆ ರಾತ್ರಿ ಕಾಡುಹಂದಿಗಳು ನುಗ್ಗಿ, ಬೆಳಗಾಗುವುದರೊಳಗೆ ನೆಲವನ್ನು ಉತ್ತಂತೆ ಮಾಡಿ ಹೋದರೆ ಅವನು ಸುಮ್ಮನಿರಬೇಕೆ? ಕಾನೂನು ಅವನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಬೆಳೆಗೆ ಅಪಾಯಕಾರಿಯಾದ ಕೆಲವು ಮೃಗಗಳನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅನುಮತಿಯನ್ನು ಕೊಡಬಹುದು. ಅನುಮತಿಯು ಬರುವಷ್ಟರಲ್ಲಿ ಫಸಲು ಉಳಿಯುವುದೆ ಎಂಬ ಅವನ ಸಂಕಟವು ನಿಜವಾದುದು. ಅದನ್ನು ಪಟ್ಟಣದ ಮನೆಗಳಲ್ಲಿ ಕುಳಿತು ಹಗುರವಾಗಿ ಕಾಣಲಾಗದು. ಅಷ್ಟಾದರೂ, ಹೊಲದ ಸುತ್ತ ವಿದ್ಯುತ್ತಿನ ತಂತಿಯನ್ನು ಎಳೆಯುವುದು, ಹಾದಿಯಲ್ಲಿ ಉರುಲನ್ನು ಒಡ್ಡುವುದು, ಹಿಟ್ಟಿನೊಳಗೆ ಸಿಡಿಮದ್ದನ್ನು ಇಡುವುದು, ಇವುಗಳನ್ನು ಬೆಳೆಯ ರಕ್ಷಣೆಯೆಂದು ಒಪ್ಪುವುದು ಹೇಗೆ? ದಶರಥನಿಗೆ ಕಣ್ಣಿಲ್ಲದಿದ್ದರೂ ಕಿವಿಯಾದರೂ ಇದ್ದಿತು. ತಂತಿಗೆ ಎರಡೂ ಇಲ್ಲ. ಅದು ಹಂದಿಯನ್ನೂ ಆನೆಯನ್ನೂ ಮೇಯಲು ಬಿಟ್ಟ ಹಸುವನ್ನೂ, ಕತ್ತಲೆಯಲ್ಲಿ ನೀರು ಹಾಯಿಸಲು ಹೋದ ನೆರೆಹೊಲದ ಹುಡುಗನನ್ನೂ ಒಂದೇ ರೀತಿಯಲ್ಲಿ ಕೊಲ್ಲುತ್ತದೆ. ಗಬ್ಬದ ಮೃಗ, ಮರಿಯ ಮೃಗ ಎಂಬ ಭೇದವನ್ನು ಉರುಲು ಅರಿಯದು. ಸಿಡಿಮದ್ದಿಗೆ ದವಡೆ ಹರಿದ ಪ್ರಾಣಿಯು ಎಷ್ಟು ದಿನ ನರಳಿತೆಂದು ಅದನ್ನು ಇಟ್ಟವನು ಹೋಗಿ ನೋಡುವುದಿಲ್ಲ. ಕಿಂದಮನೂ ಸರಯೂತೀರದ ಮುನಿಕುಮಾರನೂ ಹೇಳಿದ ಮೇರೆಗಳೆಲ್ಲವನ್ನೂ ಇವು ಒಂದೇ ಸಲಕ್ಕೆ ದಾಟುತ್ತವೆ.

ಆದುದರಿಂದ ಮೃಗಯಾಭಾಗಗಳನ್ನು ಪಾಠಶಾಲೆಗಳಲ್ಲಿ ಅಲಂಕಾರಗಳನ್ನು ಹೆಕ್ಕುವುದಕ್ಕಾಗಿ ಮಾತ್ರ ಓದಿಸುವುದು ಸಾಲದು. ರಘುವಂಶದ ಒಂಬತ್ತನೆಯ ಸರ್ಗವನ್ನು ಓದಿಸುವಾಗ ಯಮಕಗಳ ಚಮತ್ಕಾರವನ್ನು ವಿವರಿಸಿ ಮುಗಿಸದೆ, ಹಿಂದೆಗೆದ ಬಾಣಕ್ಕೂ ಬಿಟ್ಟ ಬಾಣಕ್ಕೂ ಏನು ಭೇದವೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ದಶರಥನು ಮೊದಲನೆಯ ಸಲ ನೋಡಿದನು, ಎರಡನೆಯ ಸಲ ನೋಡಲಿಲ್ಲ ಎಂದು ಅವರಲ್ಲಿ ಒಬ್ಬನು ತಾನಾಗಿಯೇ ಹೇಳಿದರೆ, ಆ ಸರ್ಗವು ಅವನಿಗೆ ಅರ್ಥವಾಯಿತೆಂದು ತಿಳಿಯಬಹುದು.