ಅಟ್ಲಾಂಟಿಕ್ ಸಿಟಿಯ ಪುಕ್ಕಟೆ ಲೆಕ್ಕ

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಮಗನ ಮನೆಗೋ ಮಗಳ ಮನೆಗೋ ಬಂದಿಳಿಯುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಪ್ರವಾಸದ ಪಟ್ಟಿ ಕಾದಿರುತ್ತದೆ. ಒಂದು ವಾರ ರಾಬಿನ್ಸ್‌ವಿಲ್‌ನ ಅಕ್ಷರಧಾಮ, ಇನ್ನೊಂದು ವಾರ ಲಿಬರ್ಟಿ ಪ್ರತಿಮೆ, ರಜೆ ಸಿಕ್ಕರೆ ನಯಾಗರ. ನಡುವೆ ಒಂದು ಶನಿವಾರ ಖಾಲಿ ಬಿದ್ದರೆ ಅಟ್ಲಾಂಟಿಕ್ ಸಿಟಿ. “ಆಡಬೇಕೂಂತೇನಿಲ್ಲ ಮಾವ, ಕ್ಯಾಸಿನೋ ಅಂದ್ರೆ ಹೇಗಿರತ್ತೆ ಅಂತ ಸುಮ್ನೆ ನೋಡಿ ಬರೋಣ” ಎನ್ನುತ್ತಾನೆ ಅಳಿಯ. “ಅಯ್ಯೋ, ಜೂಜುಕಟ್ಟೆಗಾ?” ಎನ್ನುತ್ತಲೇ ಅತ್ತೆ ಒಳ್ಳೆಯ ಸೀರೆ ಹುಡುಕುತ್ತಾರೆ. ನನ್ನ ತಕರಾರು ಆ ಊರಿನ ಮೇಲೆ ಕಡಿಮೆ, ಈ ಶನಿವಾರದ ಮೇಲೆ ಹೆಚ್ಚು.

ಯೋಜನೆ ಶುರುವಾಗುವುದೇ ಪುಕ್ಕಟೆಯಿಂದ. ಕ್ಯಾಸಿನೋದ ಸದಸ್ಯತ್ವದ ಕಾರ್ಡು ಪುಕ್ಕಟೆ. ಆಡುತ್ತಾ ಕುಳಿತವರಿಗೆ ಪಾನೀಯ ಪುಕ್ಕಟೆ. ಸಾಕಷ್ಟು ಆಡಿದವರಿಗೆ ಕೋಣೆಯೂ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿಯವರು ನಾವು; ಮೊದಲ ಸಲ ಹೋದಾಗ ನಾನೂ ಅಗ್ಗದ ಕೋಣೆ ಎಂದು ಖುಷಿಪಟ್ಟಿದ್ದೆ. ಹೊರಡುವ ದಿನ ಬಿಲ್ಲು ಬಿಚ್ಚಿ ನೋಡಿದರೆ ರೆಸಾರ್ಟ್ ಶುಲ್ಕ, ಪಾರ್ಕಿಂಗ್, ತೆರಿಗೆ, ತೆರಿಗೆಯ ತಮ್ಮ. ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿದೆ: “ನಾವು ಈಜುಕೊಳದ ಕಡೆ ಕಾಲೇ ಇಡಲಿಲ್ಲವಲ್ಲ?” ಅವಳು ಬಹಳ ವಿನಯದಿಂದ ನಕ್ಕಳು. ಮಂಗಳವಾರ ಒಂದು ದರವಿದ್ದ ಕೋಣೆಗೆ ಶನಿವಾರ ಎರಡು ಮೂರು ಪಟ್ಟು ದರವಿರುತ್ತದೆಂಬುದು ಆಮೇಲೆ ತಿಳಿಯಿತು.

ಕ್ಯಾಸಿನೋ ಒಳಗೆ ಕಾಲಿಟ್ಟರೆ ಗಡಿಯಾರ ಕಾಣದು, ಕಿಟಕಿ ಅಪರೂಪ, ಸಿಗರೇಟಿನ ವಾಸನೆ ಧಾರಾಳ. ನ್ಯೂಜೆರ್ಸಿ 2006ರಲ್ಲಿ ಒಳಾಂಗಣ ಧೂಮಪಾನ ನಿಷೇಧಿಸಿದಾಗ ಕ್ಯಾಸಿನೋ ಅಂಗಳಕ್ಕೆ ವಿನಾಯಿತಿ ಕೊಟ್ಟಿತು. ಸ್ಲಾಟ್ ಯಂತ್ರದ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ಅವರ ಕಾರ್ಡು ಯಂತ್ರದ ಬಾಯಲ್ಲಿತ್ತು. ಕಾರ್ಡಿಗೆ ಹಳೆಯ ಟೆಲಿಫೋನಿನ ತಂತಿಯಂಥ ಸುರುಳಿ ದಾರ, ದಾರದ ಇನ್ನೊಂದು ತುದಿ ಅವರ ಅಂಗಿಗೆ ಸಿಕ್ಕಿಸಿತ್ತು. ಕಾರ್ಡು ಮರೆತು ಎದ್ದು ಹೋಗದಿರಲಿ ಎಂಬ ಅನುಕೂಲವಂತೆ. ನನಗೆ ಮಾತ್ರ ಗೂಟಕ್ಕೆ ಕಟ್ಟಿದ ಹಸು ನೆನಪಾಯಿತು. ಅಜ್ಜಿ ಗುಂಡಿ ಒತ್ತುತ್ತಿದ್ದರು, ಮುಖದಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ.

ಇಲ್ಲಿ ಶಕುನಿಯ ದಾಳ ಬೇಕಿಲ್ಲ, ಗಣಿತವೇ ಸಾಕು. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆ, ಒಂದು ಮನೆಗೆ ಕಟ್ಟಿ ಗೆದ್ದರೆ ಕೊಡುವುದು 35 ಪಟ್ಟು. ಅಂದರೆ ನೂರು ಡಾಲರ್ ಹೂಡಿಕೆಗೆ ಸರಾಸರಿ ಐದೂಕಾಲು ಡಾಲರ್ ಕ್ಯಾಸಿನೋದವರ ಪಾಲು. ಸ್ಲಾಟ್ ಯಂತ್ರ ಕನಿಷ್ಠ ಶೇ. 83ರಷ್ಟನ್ನು ಮರಳಿಸಬೇಕೆಂದು ರಾಜ್ಯದ ಕಾನೂನೇ ಇದೆ; ಉಳಿದ 17ರವರೆಗೆ ನುಂಗಲು ಅದೇ ಪರವಾನಗಿ. ಮೋಸವೇನೂ ಇಲ್ಲ, ಎಲ್ಲ ಬಹಿರಂಗ. ನಾಟಕದ ಟಿಕೆಟ್ಟಿಗೆ ಕೊಡುವಷ್ಟು ದುಡ್ಡು ಜೇಬಿನಲ್ಲಿಟ್ಟು, ಅದು ಮುಗಿದ ಕೂಡಲೇ ಎದ್ದುಬಂದರೆ ಅಡ್ಡಿಯಿಲ್ಲ. ಆದರೆ ಶನಿವಾರದ ಯೋಜನೆಯಲ್ಲಿ ಎದ್ದುಬಂದು ಹೋಗುವುದೆಲ್ಲಿಗೆ ಎಂಬುದೇ ಇರುವುದಿಲ್ಲ.

ಹೊರಗೆ ಹತ್ತು ಹೆಜ್ಜೆಗೆ ಬೋರ್ಡ್‌ವಾಕ್ ಇದೆ. ರೈಲಿನ ಡಬ್ಬಿಗೂ ಹೋಟೆಲಿನ ಪಡಸಾಲೆಗೂ ಪ್ರವಾಸಿಗರು ಮರಳು ಹೊತ್ತು ತರುತ್ತಾರೆಂದು ಒಬ್ಬ ರೈಲ್ವೆ ಕಂಡಕ್ಟರ್ ಮತ್ತು ಒಬ್ಬ ಹೋಟೆಲಿನವ ಗೊಣಗಿದ್ದರಿಂದ 1870ರಲ್ಲಿ ಹುಟ್ಟಿದ ಹಲಗೆ ದಾರಿ ಇದು. ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ ಹಲಗೆಗಳ ಮೇಲೆ ತಳ್ಳುಕುರ್ಚಿಯ ಗಾಲಿ ಉರುಳಿದರೆ ಟಕಟಕ ಎಂಬ ತಾಳ. ಆಲೂ ಚಿಪ್ಸಿನ ಪೊಟ್ಟಣಕ್ಕೆ ಕಡಲಹಕ್ಕಿ ಎರಗುತ್ತದೆ. ಪಕ್ಕದಲ್ಲೇ ಸಮುದ್ರ. ಈ ಕರಾವಳಿಯ ಬಹುಪಾಲು ಊರುಗಳಲ್ಲಿ ಬೇಸಗೆಯಲ್ಲಿ ಮರಳಿಗಿಳಿಯಲು ದುಡ್ಡು ಕೊಟ್ಟು ಬಿಲ್ಲೆ ಕೊಳ್ಳಬೇಕು. ಅಟ್ಲಾಂಟಿಕ್ ಸಿಟಿಯಲ್ಲಿ ಬೇಡ. ಇಡೀ ಊರಿನಲ್ಲಿ ನಿಜವಾಗಿ ಪುಕ್ಕಟೆಯಾದದ್ದು ಇದೊಂದೇ, ಜಾಹೀರಾತಿನಲ್ಲಿ ಎಲ್ಲಕ್ಕಿಂತ ಸಣ್ಣದಾಗಿ ಕಾಣುವುದೂ ಇದೇ.

ಕ್ಯಾಸಿನೋ ಊರಿನ ಹಣೆಬರಹ ತಿದ್ದುತ್ತದೆ ಎಂದು ನಂಬಿಯೇ ಜನ 1976ರಲ್ಲಿ ಮತ ಹಾಕಿದ್ದು. 1978ರ ಮೇ ತಿಂಗಳಲ್ಲಿ ಮೊದಲನೆಯದು ತೆರೆಯಿತು. ಜೂಜಿನ ತೆರಿಗೆ ರಾಜ್ಯದ ವೃದ್ಧರಿಗೆ, ಅಂಗವಿಕಲರಿಗೆ ಹೋಯಿತು, ಸುಳ್ಳಲ್ಲ. ಊರು ಮಾತ್ರ ಎರಡಾಯಿತು. ಬೋರ್ಡ್‌ವಾಕಿನಿಂದ ನಾಲ್ಕು ಬೀದಿ ಒಳಗೆ ನಡೆದರೆ ಖಾಲಿ ನಿವೇಶನಗಳು, ಬಣ್ಣ ಕಳೆದುಕೊಂಡ ಮನೆಗಳು. ಚಿಕ್ಕಂದಿನಲ್ಲಿ ನಾವು ‘ಬಿಸಿನೆಸ್’ ಎಂದು ಆಡಿದ ಆಟದ ಮೂಲವಾದ ಮೊನಾಪಲಿಯ ಬೀದಿಗಳು ಈ ಊರಿನವೇ. ಆಟದ ಹಲಗೆಯ ಮೇಲೆ ಅಗ್ಗವಾಗಿದ್ದ ಬಾಲ್ಟಿಕ್ ಅವೆನ್ಯೂವನ್ನು ಬೇಕಾದವರು ಇಲ್ಲಿ ನೋಡಬಹುದು. 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೋ ಬಾಗಿಲು ಹಾಕಿದವು. ಅವುಗಳಲ್ಲಿ ರೆವೆಲ್ ಎಂಬುದಕ್ಕೆ 240 ಕೋಟಿ ಡಾಲರ್ ಸುರಿದಿದ್ದರು; ಬಾಳಿದ್ದು ಎರಡೂವರೆ ವರ್ಷ.

2016ರ ಸೆಪ್ಟೆಂಬರ್ ಆರಂಭದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ಆಗ ಬೋರ್ಡ್‌ವಾಕಿನ ಟ್ರಂಪ್ ತಾಜ್‌ಮಹಲ್ ಕ್ಯಾಸಿನೋದ ನೌಕರರು ಜುಲೈನಿಂದ ಮುಷ್ಕರ ಹೂಡಿದ್ದರು. ಅಕ್ಟೋಬರಿನಲ್ಲಿ ಅದು ಮುಚ್ಚಿಯೇ ಹೋಯಿತು. ಅಡುಗೆಯವರು, ಕೋಣೆ ಗುಡಿಸುವವರು, ಪಾನೀಯ ತಂದುಕೊಡುವವರು, ಅಂದರೆ ಪುಕ್ಕಟೆಯನ್ನು ನಮ್ಮ ಕೈಗೆ ತಲುಪಿಸುತ್ತಿದ್ದವರೇ, ಬೀದಿಯಲ್ಲಿದ್ದರು. ಆರೋಗ್ಯ ವಿಮೆ ಮರಳಿ ಕೊಡಿ ಎಂಬುದು ಅವರ ಬೇಡಿಕೆಗಳಲ್ಲೊಂದು.

ಹಾಗಾದರೆ ಹೋಗಬಾರದೆ? ಹೋಗಿ. ಆದರೆ ಶನಿವಾರ ಬೇಡ, ಸೆಪ್ಟೆಂಬರಿನ ವಾರದ ನಡುವೆ ಒಂದು ರಾತ್ರಿಗೆ ಹೋಗಿ. ನೀರು ಇನ್ನೂ ಬೆಚ್ಚಗಿರುತ್ತದೆ, ಗದ್ದಲ ಇಳಿದಿರುತ್ತದೆ. ಜೀವರಕ್ಷಕರಿಲ್ಲದ ಕಡೆ ಮೊಣಕಾಲಿಗಿಂತ ಮುಂದೆ ಮಾತ್ರ ಇಳಿಯಬೇಡಿ. ಮಂಡಿ ಗಟ್ಟಿಯಿದ್ದವರು 1857ರ ಅಬ್ಸೀಕನ್ ದೀಪಸ್ತಂಭದ 228 ಮೆಟ್ಟಿಲು ಹತ್ತಿ. ಮೊಮ್ಮಕ್ಕಳಿದ್ದರೆ ಪಕ್ಕದ ಮಾರ್ಗೇಟಿನಲ್ಲಿ 1881ರಲ್ಲಿ ಮರ, ತಗಡಿನಿಂದ ಕಟ್ಟಿದ ಆರಂತಸ್ತಿನ ಆನೆ ಲೂಸಿಯ ಹೊಟ್ಟೆಯೊಳಗೆ ಹೊಕ್ಕು ಬನ್ನಿ. ಕ್ಯಾಸಿನೋಕ್ಕೆ ಅರ್ಧ ಗಂಟೆ ಕೊಡಿ. ಕೋಣೆ ಗೊತ್ತುಮಾಡುವ ಮುನ್ನ ಎಲ್ಲ ಶುಲ್ಕ ಸೇರಿ ಎಷ್ಟು ಎಂದು ಕೇಳಿ.

ಮರುದಿನ ಬೆಳಿಗ್ಗೆ ಆರೂವರೆಗೆ ಅತ್ತೆ ಮಾವನನ್ನು ಎಬ್ಬಿಸಿ ಬೋರ್ಡ್‌ವಾಕಿಗೆ ಕರೆತನ್ನಿ. ಮಲ್ಪೆ, ಗೋಕರ್ಣ, ಕಾರವಾರಗಳಲ್ಲಿ ಸೂರ್ಯ ಕಡಲಿಗೆ ಇಳಿಯುವುದನ್ನಷ್ಟೇ ಕಂಡವರು ಅವರು. ಇಲ್ಲಿ ಕಡಲಿನಿಂದ ಮೇಲೇಳುತ್ತಾನೆ.