ಬೆಂಗಳೂರು ಬಸ್ಸು ಹತ್ತದವರ ಕಥೆ

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂದಾಗ ಕನ್ನಡದ ಓದುಗರಿಗೆ ಒಬ್ಬ ಗೇ ಗಂಡಸು ತೀರಾ ಹತ್ತಿರದಿಂದ ಕಂಡ. ಅವನು ಮುನಿಸಿಕೊಳ್ಳುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ, ತಾನು ಪ್ರೀತಿಸಿದವನು ಹೆಣ್ಣು ನೋಡಲು ಹೊರಟಾಗ ಒಳಗೊಳಗೇ ಕುದಿಯುತ್ತಾನೆ. ಪುಸ್ತಕದ ದೊಡ್ಡ ಗುಣವೆಂದರೆ ಅದು ಮೋಹನಸ್ವಾಮಿಯನ್ನು ಒಳ್ಳೆಯವನನ್ನಾಗಿ ಮಾಡಲು ಹೆಣಗುವುದಿಲ್ಲ. ಕನಿಕರ ಬೇಡುವ ಪಾತ್ರವನ್ನು ಬರೆಯುವುದು ಸುಲಭ. ಸಣ್ಣತನವೂ ಇರುವ ಪಾತ್ರವನ್ನು ಬರೆದು, ಓದುಗ ಅವನ ಪರ ನಿಲ್ಲುವಂತೆ ಮಾಡುವುದು ಕಷ್ಟ. ವಸುಧೇಂದ್ರ ಅದನ್ನು ಸಾಧಿಸಿದ್ದಾರೆ.

ಆದರೆ ಈ ಪುಸ್ತಕವನ್ನು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕೂತು ಓದಿದರೆ ಒಂದು ತಕರಾರು ಏಳುತ್ತದೆ. ಕಥೆಗಾರರು ಸಂಡೂರಿನವರು, ನಮ್ಮ ಬಯಲುಸೀಮೆಯವರೇ. ಆದರೂ ಅವರ ಕಥಾಲೋಕದಲ್ಲಿ ಉಸಿರಾಡಲು ಜಾಗ ಇರುವುದು ಬೆಂಗಳೂರಿನಲ್ಲಿ. ಹಳ್ಳಿಯಲ್ಲೇ ಉಳಿದವನಿಗೆ ಸಿಗುವುದು ‘ತಗಣಿ’ ಕಥೆಯ ಶಂಕರಗೌಡನ ಗತಿ: ಮನೆಯವರ ಕೈಯಲ್ಲೇ ಸಾವು. ಅಂಥದ್ದು ನಡೆಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸಾಯದೆ, ಓಡಿಯೂ ಹೋಗದೆ, ಮೆಕ್ಕೆಜೋಳ ಬಿತ್ತಿ, ಬತ್ತಿದ ಬೋರ್‌ವೆಲ್ಲಿನ ಸಾಲ ತೀರಿಸುತ್ತ, ಅವ್ವನನ್ನು ತಿಂಗಳಿಗೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯುತ್ತ ಇರುವವನ ಕಥೆ ಎಲ್ಲಿದೆ? ಜಗಳೂರು ತಾಲ್ಲೂಕಿನ ಬಗ್ಗೆ ಪತ್ರಿಕೆಗಳು ಬರೆದದ್ದೆಲ್ಲ ಬರ ಮತ್ತು 57 ಕೆರೆ ತುಂಬಿಸುವ ಯೋಜನೆ. ಈ ಊರುಗಳಲ್ಲಿ ಗಂಡಸನ್ನು ಪ್ರೀತಿಸುವ ಗಂಡಸರೂ ಹೆಂಗಸನ್ನು ಪ್ರೀತಿಸುವ ಹೆಂಗಸರೂ ಇರಬಹುದೆಂದು ಯಾರಿಗೂ ಹೊಳೆದಂತಿಲ್ಲ.

ಹೊಳೆಯುವ ಹೊತ್ತಿಗೆ ಎರಡೇ ವೇಷ ಸಿದ್ಧವಿರುತ್ತವೆ. ಒಂದು ಟಿವಿಯ ಕಾಮಿಡಿ ಷೋನದು. ಕುಚ್ಚಿನ ಸೀರೆ ಉಟ್ಟು, ಸೊಂಟ ಕುಣಿಸಿ, ಪಕ್ಕದ ಗಂಡಸಿನ ಎದೆ ಸವರುವ ಪಾತ್ರ. ತೀರ್ಪುಗಾರರು ಕುರ್ಚಿಯಿಂದ ಬೀಳುವ ಹಾಗೆ ನಗುತ್ತಾರೆ. ಗಂಡು ಹೆಣ್ಣಿನ ವೇಷ ಹಾಕುವುದು ನಮಗೇನೂ ಹೊಸದಲ್ಲ. ನಮ್ಮ ಕಡೆಯ ಬಯಲಾಟದಲ್ಲಿ ದ್ರೌಪದಿಯೂ ಗಂಡಸೇ, ಚಿತ್ರಾಂಗದೆಯೂ ಗಂಡಸೇ. ಆ ಪಾತ್ರಧಾರಿಯ ನಡೆ, ನುಡಿ, ಅಳು ಚೆನ್ನಾಗಿದ್ದರೆ ಊರವರು ರಂಗಕ್ಕೆ ಹತ್ತಿ ನೋಟು ಸಿಕ್ಕಿಸಿ ಬರುತ್ತಿದ್ದರು. ಅಲ್ಲಿ ಹೆಣ್ಣುತನ ಒಂದು ಕಸುಬು. ಟಿವಿಯಲ್ಲಿ ಅದೇ ಹೆಣ್ಣುತನ ಗಂಡಸಿಗೆ ಅಂಟಿದ ಕೊಳೆ. ಹಾಗೆ ನೋಡಿದರೆ ಕಾಮಿಡಿ ಷೋ ಬಯಲಾಟಕ್ಕಿಂತ ಹಿಂದುಳಿದದ್ದು.

ಇನ್ನೊಂದು ವೇಷ ಸುದ್ದಿವಾಹಿನಿಯದು. 2011ರ ಫೆಬ್ರವರಿಯಲ್ಲಿ ಟಿವಿ9 ಹೈದರಾಬಾದಿನ ಗೇ ಗಂಡಸರ ಫೋಟೊ, ಫೋನ್ ಮಾತುಗಳನ್ನು ‘ಬಯಲು ಮಾಡಿ’ ಪ್ರಸಾರ ಮಾಡಿತು. ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಕೇಳುವಂತೆ ಹೇಳಿತು. ಅದಕ್ಕೂ ಒಂದು ವರ್ಷ ಮೊದಲು ಅಲಿಗಢದಲ್ಲಿ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ಮನೆಗೇ ಕ್ಯಾಮೆರಾ ನುಗ್ಗಿತ್ತು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. 2010ರ ಏಪ್ರಿಲ್ ಆರಂಭದಲ್ಲಿ ಅಲಹಾಬಾದ್ ಹೈಕೋರ್ಟು ಅವರ ಪರ ಆದೇಶ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವರು ಮನೆಯಲ್ಲಿ ಸತ್ತು ಬಿದ್ದಿದ್ದರು. ಹನ್ಸಲ್ ಮೆಹ್ತಾ ಇದನ್ನೇ ‘ಅಲೀಗಢ್’ ಸಿನಿಮಾ ಮಾಡಿದರು. ಸಿರಸ್ ಪಾತ್ರದ ಮನೋಜ್ ಬಾಜಪೇಯಿ ಒಂದು ಲೋಟ ಹಿಡಿದು, ಲತಾ ಮಂಗೇಶ್ಕರ್ ಹಾಡಿಗೆ ಕಣ್ಣು ಮುಚ್ಚಿ ತಲೆದೂಗುವ ದೀರ್ಘ ದೃಶ್ಯ ಅದರಲ್ಲಿದೆ. ಅಲ್ಲಿ ಏನೂ ನಡೆಯುವುದಿಲ್ಲ. ಕ್ಯಾಮೆರಾ ಹೊತ್ತು ನುಗ್ಗಿದವರಿಗೆ ಕಾಣದೇ ಹೋದದ್ದು ಇದೇ: ಮುದುಕನಾಗುತ್ತಿರುವ ಒಬ್ಬ ಮೇಷ್ಟರ ಸಂಜೆ.

ನಮ್ಮ ಸೀಮೆಯ ಮಟ್ಟಿಗೆ ಇನ್ನೊಂದು ತೊಡಕಿದೆ. ಉಚ್ಚಂಗಿದುರ್ಗದ ಜಾತ್ರೆಗೆ ಹೋದವರಿಗೆ ದೇವಿಗೆ ಮುಡಿಪಾಗಿ ಸೀರೆ ಉಟ್ಟು ಬಾಳುವ ಜೋಗಪ್ಪ, ಜೋಗತಿಯರು ಗೊತ್ತು. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, ಪದ್ಮಶ್ರೀ ಪಡೆದಾಗ ಊರೂರಿನವರು ಹೆಮ್ಮೆಪಟ್ಟರು. ಆದರೆ ಮಾಧ್ಯಮ ಜೋಗತಿ, ಹಿಜಡಾ, ಗೇ, ಲೆಸ್ಬಿಯನ್ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತದೆ. ಸೀರೆ ಉಡದ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಳ್ಳದ, ಲುಂಗಿ ಉಟ್ಟು ಟ್ರ್ಯಾಕ್ಟರ್ ಓಡಿಸುವವನು ಗಂಡಸನ್ನು ಪ್ರೀತಿಸಬಹುದು ಎಂದರೆ ಊರು ನಂಬುವುದಿಲ್ಲ. ‘ಲೇ, ಇವನು ಅಂಥವನಲ್ಲ ಬಿಡೋ’ ಎನ್ನುತ್ತದೆ. ಆ ಅಪನಂಬಿಕೆಯ ಮರೆಯಲ್ಲಿ ಅವನು ಸುರಕ್ಷಿತ. ಹೆಣ್ಣು ನೋಡುವ ಶಾಸ್ತ್ರ ಶುರುವಾಗುವವರೆಗೆ ಮಾತ್ರ.

ಹಾಗೆಂದು ಕಾಮಿಡಿ ಷೋಗೆ ಉತ್ತರವಾಗಿ ‘ನೋಡಿ, ಗೇಗಳು ಎಲ್ಲರ ಹಾಗೇ ಗಂಡಸರು, ಓದಿದವರು, ಜಿಮ್ಮಿಗೆ ಹೋಗುವವರು’ ಎಂದು ತೋರಿಸುವ ಈಚಿನ ವೆಬ್ ಸರಣಿಗಳ ಚಾಳಿಯೂ ನನಗೆ ಹಿಡಿಸುವುದಿಲ್ಲ. ಅದು ಹೆಣ್ಣುನಡೆಯ ಶಂಕರಗೌಡನನ್ನು ಇನ್ನೊಂದು ಸಲ ಕೊಂದಂತೆ. ನಡೆಯಲ್ಲಿ ನಯ, ಮಾತಿನಲ್ಲಿ ರಾಗ, ಅಡುಗೆಮನೆಯ ಒಲವು ಇರುವ ಗಂಡಸರು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಗೇ, ಹಲವರು ಅಲ್ಲ. ಅವರೂ ಸಾಮಾನ್ಯರೇ. ‘ತಗಣಿ’ಯ ನಿಜವಾದ ಬಲ ಅದರ ಕೊಲೆಯಲ್ಲಿಲ್ಲ. ಕೊಲೆಗೆ ಮುಂಚೆ ಆ ಹುಡುಗನನ್ನು ಕಥೆ ಎಷ್ಟು ಮುದ್ದಿನಿಂದ ನೋಡುತ್ತದೆ ಎಂಬುದರಲ್ಲಿದೆ.

ಹೆಂಗಸರ ವಿಷಯಕ್ಕೆ ಬಂದರೆ ಮಾಧ್ಯಮಕ್ಕೆ ಮಾತೇ ಹೊರಡುವುದಿಲ್ಲ. ಇಬ್ಬರು ಗೆಳತಿಯರು ಮನೆ ಬಿಟ್ಟು ಹೋದರೆ ಅಪರಾಧ ಸುದ್ದಿ, ಇಲ್ಲವಾದರೆ ಏನೂ ಇಲ್ಲ. ದೀಪಾ ಮೆಹ್ತಾರ ‘ಫೈರ್’ ಬಿಡುಗಡೆಯಾದಾಗ, 1998ರ ಡಿಸೆಂಬರಿನಲ್ಲಿ, ಶಿವಸೇನೆಯವರು ಚಿತ್ರಮಂದಿರಗಳಿಗೆ ನುಗ್ಗಿದ್ದರು. ಆ ಗದ್ದಲದಲ್ಲಿ ಸಿನಿಮಾದ ಒಂದು ದೌರ್ಬಲ್ಯ ಬಹುಪಾಲು ಮಂದಿಗೆ ಕಾಣಲಿಲ್ಲ: ಅಲ್ಲಿನ ಇಬ್ಬರು ಓರಗಿತ್ತಿಯರು ಗಂಡಂದಿರು ಕೈಬಿಟ್ಟದ್ದಕ್ಕೆ ಒಬ್ಬರಿಗೊಬ್ಬರು ಒದಗುತ್ತಾರೆ. ಗಂಡ ಸರಿಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಳ್ಳಲು ನೋಡುಗರಿಗೆ ಅವಕಾಶ ಉಳಿದುಬಿಡುತ್ತದೆ. ನೀರಜ್ ಘಯ್ವಾನ್ 2021ರಲ್ಲಿ ಮಾಡಿದ ‘ಗೀಲಿ ಪುಚ್ಚಿ’ ಇದನ್ನು ದಾಟಿತು. ಕೊಂಕಣಾ ಸೇನ್ ಶರ್ಮಾ ಅಲ್ಲಿ ಕಾರ್ಖಾನೆಯಲ್ಲಿ ದುಡಿಯುವ ದಲಿತ ಹೆಣ್ಣು. ಬ್ರಾಹ್ಮಣ ಗೆಳತಿಯ ಮೇಲಿನ ಪ್ರೀತಿಗೆ ಅಡ್ಡ ಬರುವುದು ಬರೀ ಮದುವೆಯಲ್ಲ, ಗೆಳತಿಯ ಮನೆಯಲ್ಲಿ ಈ ದಲಿತ ಹೆಣ್ಣಿಗೆಂದೇ ಬೇರೆ ತೆಗೆದಿಡುವ ಲೋಟ. ಚಹಾದ ಲೋಟ ಯಾವುದೆಂದು ನೋಡಿಯೇ ಜಾತಿ ತಿಳಿಯುವ ನಮ್ಮ ಊರುಗಳಲ್ಲಿ ಈ ಅರ್ಧ ಗಂಟೆಯ ಸಿನಿಮಾಕ್ಕೆ ಟಿಪ್ಪಣಿ ಬೇಕಿಲ್ಲ.

ಹಳ್ಳಿಯಲ್ಲೇ ಉಳಿದವನ ಕಥೆಯನ್ನು ಕೊನೆಗೂ ಮಾಡಿದವರು ಮಲಯಾಳಿಗಳು. ಜಿಯೋ ಬೇಬಿಯವರ ‘ಕಾದಲ್ – ದಿ ಕೋರ್’ (2023) ಸಿನಿಮಾದ ಮ್ಯಾಥ್ಯೂ ಬೆಂಗಳೂರಿಗೂ ಹೋಗುವುದಿಲ್ಲ, ಕೊಚ್ಚಿಗೂ ಹೋಗುವುದಿಲ್ಲ. ಸಹಕಾರಿ ಬ್ಯಾಂಕಿನ ನಿವೃತ್ತ ನೌಕರ, ಪಂಚಾಯಿತಿ ಉಪಚುನಾವಣೆಯ ಅಭ್ಯರ್ಥಿ. ಅವನು ಪ್ರೀತಿಸಿದ ತಂಗನ್ ಡ್ರೈವಿಂಗ್ ಕಲಿಸುವವನು. ಹೆಂಡತಿ ಓಮನಾ ವಿಚ್ಛೇದನ ಕೇಳುವುದು ಸೇಡಿಗಲ್ಲ, ಇಬ್ಬರೂ ಉಸಿರಾಡಲೆಂದು. ಮಗ ಎಂಥವನೆಂದು ಅಪ್ಪನಿಗೆ ಮೊದಲೇ ಗೊತ್ತಿತ್ತು, ಮದುವೆಯಾದರೆ ಸರಿಹೋದಾನೆಂದು ಮಾಡಿಸಿದ್ದ. ಈ ಒಂದು ಸಂಗತಿ ಬಿಳಿಚೋಡಿಗೆ ಎಷ್ಟು ಹತ್ತಿರದ್ದು! ಮದುವೆಯೇ ಮದ್ದು ಎಂಬ ನಂಬಿಕೆಯಿಂದ ಹಾಳಾದ ಹೆಣ್ಣುಮಗಳ ಬದುಕನ್ನು ಲೆಕ್ಕಕ್ಕೆ ತೆಗೆದುಕೊಂಡದ್ದೇ ಈ ಸಿನಿಮಾದ ಹೆಚ್ಚುಗಾರಿಕೆ. ದೋಷಗಳಿಲ್ಲವೆಂದಲ್ಲ. ಮ್ಯಾಥ್ಯೂ ಆಗಿರುವ ಮಮ್ಮೂಟಿಗೆ ಕಣ್ಣೀರಿದೆ, ದೊಡ್ಡ ಮನೆಯಿದೆ. ಬಡ ತಂಗನ್‌ಗೆ ನಾಲ್ಕು ಮಾತೂ ಸಿಕ್ಕಿಲ್ಲ. ಊರು ಅವನನ್ನು ಹಂಗಿಸಿದಾಗ ಕ್ಯಾಮೆರಾ ಬೇಗ ಮುಖ ತಿರುಗಿಸುತ್ತದೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪದಿದ್ದಾಗ ನಾನು ನೋಡಿದ ಕನ್ನಡ ಚರ್ಚೆಗಳೆಲ್ಲ ಸಂಸ್ಕೃತಿಯ ಸುತ್ತಲೇ ತಿರುಗಿದವು. ಮುಂದಿನ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಗಳಲ್ಲಿ ಎರಡು ಹೀಗಿದ್ದವು: ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿಗೆ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು. ಮದುವೆಯ ಬಗ್ಗೆ ರಾತ್ರಿಯಿಡೀ ಕಿರುಚಿದ ಆ್ಯಂಕರುಗಳು ಈ ಅಕ್ಕಿಯ ಸುದ್ದಿಗೆ ಐದು ನಿಮಿಷ ಕೊಟ್ಟದ್ದನ್ನು ನಾನು ಕಂಡಿಲ್ಲ. ಹೊಲ ಒಬ್ಬಳ ಹೆಸರಲ್ಲಿದ್ದು ದುಡಿಮೆ ಇಬ್ಬರದೂ ಆದರೆ, ನಾಳೆ ಪಹಣಿ ಯಾರ ಹೆಸರಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನಂತೂ ಯಾವ ವಾಹಿನಿಯೂ ಕೇಳಿದಂತಿಲ್ಲ. ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ಸಾಲು ನಿಲ್ಲುವವರಿಗೆ ಬೇಕಿರುವುದು ಅದೇ ಪ್ರಶ್ನೆ.