ಹಸಿರು ಪುಟಗಳ ಔಷಧ ಪಾಠ

ನಿಮ್ಮ ಮನೆಯ ಮಗಳು ನರ್ಸಿಂಗ್ ಓದುತ್ತಿದ್ದರೆ ಅವಳ ಔಷಧಶಾಸ್ತ್ರದ ಪಠ್ಯವನ್ನು ಒಮ್ಮೆ ತೆರೆದು ನೋಡಿರಿ. ಔಷಧಗಳ ವರ್ಗೀಕರಣ, ಅವು ದೇಹದಲ್ಲಿ ವರ್ತಿಸುವ ಬಗೆ, ಅಡ್ಡಪರಿಣಾಮಗಳ ದೀರ್ಘ ಪಟ್ಟಿ. ಎಲ್ಲವೂ ಬೇಕಾದುವೇ. ಆದರೆ ಹಳ್ಳಿಗೆ ಹೋಗಲಿರುವ ದಾದಿ ಅದರ ಜೊತೆಗಿಟ್ಟು ಓದಬೇಕಾದ ಕೃತಿಯೊಂದಿದೆ: ಡೇವಿಡ್ ವರ್ನರ್ ಅವರ 'ವೇರ್ ದೇರ್ ಈಸ್ ನೋ ಡಾಕ್ಟರ್'. ಮೆಕ್ಸಿಕೋದ ಬೆಟ್ಟದ ಹಳ್ಳಿಗರಿಗಾಗಿ 1973ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಹೊರಬಂದ ಇದು 1977ರಲ್ಲಿ ಇಂಗ್ಲಿಷಿಗೆ ಬಂದಿತು. ಬರೆದವರು ವೈದ್ಯರಲ್ಲ, ಜೀವಶಾಸ್ತ್ರ ಓದಿದವರು. ಬಹುಶಃ ಅದೇ ಒಳಿತಾಯಿತು.

ಕೊನೆಯಲ್ಲಿರುವ ಹಸಿರು ಪುಟಗಳು ಔಷಧಗಳಿಗೆ ಮೀಸಲು. ಅಲ್ಲಿ ಔಷಧದ ಮೂಲ ಹೆಸರಿನ ಬಳಿ, ಅಂಗಡಿಯಲ್ಲಿ ಮಾರುವ ಹೆಸರಿಗೂ ಬೆಲೆಗೂ ಜಾಗ ಖಾಲಿ ಬಿಟ್ಟಿದೆ. ಓದುವವರೇ ವಿಚಾರಿಸಿ ತುಂಬಬೇಕು. ಈ ಖಾಲಿ ಗೆರೆಯೇ ನನಗೆ ಪುಸ್ತಕದ ಅತ್ಯುತ್ತಮ ಪಾಠವೆನಿಸುತ್ತದೆ. ಒಂದೇ ಪ್ಯಾರಸಿಟಮಾಲ್ ನಮ್ಮಲ್ಲಿ ಎಷ್ಟೋ ಹೆಸರುಗಳಲ್ಲಿ ಬಿಕರಿಯಾಗುತ್ತದೆ. ಜ್ವರಕ್ಕೊಂದು, ಮೈಕೈ ನೋವಿಗೊಂದು ಎಂದು ಎರಡು ಹೆಸರಿನ ಗುಳಿಗೆ ನುಂಗಿದವರು ಒಂದನ್ನೇ ಇಮ್ಮಡಿಯಾಗಿ ನುಂಗಿರುತ್ತಾರೆ. ಓದುಬಾರದವರಿಗಾಗಿ ಸೂರ್ಯೋದಯ, ನಡುಹಗಲು, ಸೂರ್ಯಾಸ್ತ, ಚಂದ್ರ ಇವುಗಳ ಚಿತ್ರದ ಕೆಳಗೆ ಗುಳಿಗೆಯ ಚಿತ್ರ ಬರೆದುಕೊಡುವ ಕ್ರಮವೂ ಇದರಲ್ಲಿದೆ. ಚುಚ್ಚುಮದ್ದು ಅನಿವಾರ್ಯವಾದಾಗ ಮಾತ್ರ ಎಂಬ ಎಚ್ಚರಿಕೆಯಂತೂ ಸೂಜಿಗಾಗಿಯೇ ಹಟಹಿಡಿಯುವ ನಮ್ಮ ಕುಟುಂಬಗಳಿಗೂ ಸಲ್ಲಬೇಕು.

ಆದರೂ ಇಷ್ಟೇ ಸಾಲದು. ಗ್ರಾಮಸ್ಥನಿಗಾಗಿ ಬರೆದ ಪುಸ್ತಕ ದಾದಿಯ ಇಂದಿನ ಹೊಣೆಯನ್ನೆಲ್ಲ ಹೊರಲಾರದು. ಎರಡು ತಿಂಗಳೊಳಗಿನ ಶಿಶುವಿಗೆ ತೀವ್ರ ಸೋಂಕು ತಗುಲಿದಾಗ, ಆಸ್ಪತ್ರೆಗೆ ಕಳುಹಿಸುವ ಮುನ್ನ ಜೆಂಟಾಮೈಸಿನ್ ಚುಚ್ಚಲು ಕೇಂದ್ರ ಸರ್ಕಾರ 2014ರಲ್ಲಿ ಎ.ಎನ್.ಎಂ. ದಾದಿಯರಿಗೆ ಅನುಮತಿಯಿತ್ತಿತು. ಎರಡು ಕಿಲೋ ತೂಕದ ಕೂಸಿಗೆ, ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ 10 ಮಿಲಿಗ್ರಾಂ. ಸೀಸೆಯಲ್ಲಿರುವುದು 2 ಮಿಲಿಲೀಟರಿಗೆ 80 ಮಿಲಿಗ್ರಾಂ. ತೆಗೆಯಬೇಕಾದುದು ಕೇವಲ ಕಾಲು ಮಿಲಿಲೀಟರ್. ಪ್ರಮಾಣ ಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಅಪಾಯ. ಉಪಕೇಂದ್ರದಲ್ಲಿ ಆ ಹೊತ್ತಿಗೆ ಲೆಕ್ಕವನ್ನು ಮತ್ತೊಮ್ಮೆ ನೋಡುವವರು ಯಾರೂ ಇರುವುದಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಔಷಧಶಾಸ್ತ್ರ ಎರಡು ಸೆಮಿಸ್ಟರುಗಳಿಗೆ ಹರಡಿದೆ. ಔಷಧ ಬರೆದುಕೊಡುವ ಮೂಲಪಾಠವೂ ಸೇರಿದೆ. ಸ್ವಾಗತಾರ್ಹ. ಆದರೆ ಕಲಿಕೆ ನಡೆಯುವುದು ವೈದ್ಯರೂ ಹಿರಿಯ ದಾದಿಯರೂ ಸುತ್ತಲಿರುವ ದೊಡ್ಡ ವಾರ್ಡಿನಲ್ಲಿ. ಸೀಸೆ, ಸಿರಿಂಜು, ಕೂಸಿನ ತೂಕದ ಚೀಟಿ, ಇಷ್ಟನ್ನೇ ಮುಂದಿಟ್ಟು ಒಬ್ಬಳೇ ಲೆಕ್ಕ ಮಾಡಿ ತೋರಿಸುವ ಪರೀಕ್ಷೆ ಪ್ರತಿ ವಿದ್ಯಾರ್ಥಿನಿಗೂ ಆಗಲೇಬೇಕೆಂದು ನನ್ನ ವಾದ.

ವರ್ನರ್ ಪುಸ್ತಕದ ಹಳೆಯ ಪ್ರತಿ ನಿಮ್ಮ ಧರ್ಮಕೇಂದ್ರದ ಕಪಾಟಿನಲ್ಲಿದ್ದರೆ ಹಸಿರು ಪುಟಗಳ ಪ್ರಮಾಣಗಳನ್ನು ಮಾತ್ರ ಅನುಸರಿಸಬೇಡಿರಿ. ಆ ಕಾಲದಲ್ಲಿ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಸಾಕಾಗುತ್ತಿದ್ದ ಎಷ್ಟೋ ಕಡೆ ಇಂದು ಫ್ಯಾಲ್ಸಿಪೇರಂ ಅದಕ್ಕೆ ಬಗ್ಗುವುದಿಲ್ಲ. ಪರಿಷ್ಕೃತ ಮುದ್ರಣವನ್ನೇ ತರಿಸಿಕೊಳ್ಳಿರಿ.